ಮಳೆನಾಡಿನ ಒಣ ಆರು ತಿಂಗಳು

‘ಕಾಂತಾರ’ 2022ರಲ್ಲಿ ತೆರೆಕಂಡ ಮೇಲೆ ಕುಂದಾಪುರ ಕಡೆಯ ಕೆರಾಡಿ ಎಂದರೆ ಹೊರಗಿನವರ ಕಣ್ಣಿಗೆ ಬರುವುದು ಹಸಿರು ಕಾಡು, ಕೆಸರು ಗದ್ದೆ, ಜಡಿಮಳೆ. ಚಿತ್ರದ ನಿರ್ದೇಶಕ ರಿಷಬ್ ಶೆಟ್ಟಿಯವರ ಊರು ಅದು. ಬಹುಭಾಗ ಚಿತ್ರೀಕರಣವಾದದ್ದೂ ಅಲ್ಲೇ. ಆದರೆ ಮಾರ್ಚ್ ಕೊನೆಗೆ ಹೋಗಿ ನೋಡಿ. ಬೆಟ್ಟು ಗದ್ದೆಯ ನೆಲ ಬಿರುಕು ಬಿಟ್ಟಿರುತ್ತದೆ, ತೋಡಿನಲ್ಲಿ ಕಲ್ಲು ಮಾತ್ರ ಉಳಿದಿರುತ್ತದೆ, ಬಾವಿಯ ಹಗ್ಗಕ್ಕೆ ಇನ್ನೆರಡು ಮಾರು ಸೇರಿಸಿರುತ್ತಾರೆ. ಅದೇ ಹೊತ್ತಿಗೆ ಮನೆಯ ಕೆಳಗಿನ ಗದ್ದೆಯ ಒಂದು ಮೂಲೆಯಲ್ಲಿ ಅಲಸಂಡೆ ಬಳ್ಳಿ ಕೋಲು ಹತ್ತಿ ಕಾಯಿ ಬಿಟ್ಟಿರುತ್ತದೆ, ಸೌತೆ ನೆಲದ ಮೇಲೆ ಹಬ್ಬಿ ಹಳದಿ ಹೂ ತಳೆದಿರುತ್ತದೆ, ಹರಿವೆಯ ಪಾತಿ ಕೆಂಪಗೆ ಎದ್ದು ನಿಂತಿರುತ್ತದೆ. ಸುತ್ತಲೂ ಒಣಗಿರುವಾಗ ಈ ಒಂದೆರಡು ಸೆಂಟ್ಸ್ ಜಾಗ ಹಸಿರಾಗಿರುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಕುಂದಾಪುರದ ಈ ಭಾಗದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಬಯಲುಸೀಮೆಯ ಚಳ್ಳಕೆರೆಯಲ್ಲಿ 500 ಮಿ.ಮೀ. ದಾಟುವುದೇ ಕಷ್ಟ. ಹೀಗಿರುವಾಗ ಕೆರಾಡಿಯನ್ನು ಒಣ ಬೇಸಾಯದ ಪುಸ್ತಕಕ್ಕೆ ಎಳೆದು ತರುವುದೇಕೆ ಎಂದು ಯಾರಾದರೂ ಕೇಳಬಹುದು. ಕಾರಣ ಸರಳ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ತುಲಾ ಮಾಸದ ಗುಡುಗುಮಳೆ ನಿಂತ ಮೇಲೆ ಏಪ್ರಿಲ್‌ವರೆಗೂ ಆಕಾಶ ಖಾಲಿ. ಗಿಡಕ್ಕೆ ವರ್ಷದ ಸರಾಸರಿ ಬೇಕಾಗಿಲ್ಲ. ಈ ವಾರ ತನ್ನ ಬೇರಿನ ಬುಡದಲ್ಲಿ ಎಷ್ಟು ನೀರಿದೆ ಎಂಬುದಷ್ಟೇ ಅದಕ್ಕೆ ಬೇಕು. ಫೆಬ್ರವರಿಯ ಬೆಂಡೆ ಗಿಡದ ಮಟ್ಟಿಗೆ ಕೆರಾಡಿಯೂ ಚಳ್ಳಕೆರೆಯೂ ಅಷ್ಟೇನೂ ದೂರದ ಊರುಗಳಲ್ಲ.

ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಒಂದು ಸೆಂಟ್ಸ್ ಎಂದರೆ ಸುಮಾರು 40 ಚದರ ಮೀಟರ್. ವರ್ಷದ ಮಳೆಯಲ್ಲಿ ಆ ಒಂದು ಸೆಂಟ್ಸಿನ ಮೇಲೆ ಬೀಳುವುದು 1,60,000 ಲೀಟರ್. ಬೇಸಿಗೆಯಲ್ಲಿ ಚೆನ್ನಾಗಿ ಎಲೆ ಮುಚ್ಚಿದ ತರಕಾರಿ ಪಾತಿಯಿಂದ ದಿನಕ್ಕೆ ಸುಮಾರು 5 ಮಿ.ಮೀ. ನೀರು ಆವಿಯಾಗಿ ಹೋಗುತ್ತದೆ, ಅಂದರೆ ಸೆಂಟ್ಸಿಗೆ 200 ಲೀಟರ್. ನೂರು ದಿನದ ಬೆಳೆಗೆ 20,000 ಲೀಟರ್. ಅದೇ ಜಾಗದ ಮೇಲೆ ಬಿದ್ದ ಮಳೆ ಅದರ ಎಂಟು ಪಟ್ಟು! ಆದರೂ ಸಾಲದು, ಏಕೆಂದರೆ ಮಣ್ಣು ಅದನ್ನು ಹಿಡಿದಿಡಲಾರದು. ಗುಡ್ಡದ ಬದಿಯ ಜಲ್ಲಿಮಿಶ್ರಿತ ಕೆಂಪುಮಣ್ಣಿನಲ್ಲಿ ಬೇರು ಇಳಿಯುವ ಒಂದಡಿ ಆಳದಲ್ಲಿ ಗಿಡಕ್ಕೆ ಸಿಗುವ ನೀರು ಸುಮಾರು 30 ಮಿ.ಮೀ.; ದಿನಕ್ಕೆ 5ರಂತೆ ಹೀರಿದರೆ ಆರು ದಿನಕ್ಕೆ ಖಾಲಿ. ಗದ್ದೆಯ ಜೇಡಿಮಣ್ಣಿನಲ್ಲಿ ಬೇರು ಎರಡಡಿ ಇಳಿದರೆ 90 ಮಿ.ಮೀ.ವರೆಗೂ ಸಿಗಬಹುದು, ಹದಿನೆಂಟು ದಿನ. ಉಳಿದ ದಿನಗಳ ನೀರನ್ನು ಬೇರೆ ಎಲ್ಲಿಂದಲೋ ತರಬೇಕು, ಇಲ್ಲವೇ ಖರ್ಚನ್ನೇ ಇಳಿಸಬೇಕು. ಇಲ್ಲಿಯ ಹಳಬರು ಎರಡನ್ನೂ ಮಾಡಿದರು.

ಬೇರೆ ಎಲ್ಲಿಂದಲೋ ಎಂದರೆ ಎಲ್ಲಿಂದ? ಇದಕ್ಕೆ ಕಾಲ ಕೆಳಗಿನ ಕಲ್ಲನ್ನು ಕೇಳಬೇಕು. 1800–01ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್, ನೆಲದೊಳಗೆ ಮೆತ್ತಗಿದ್ದು ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕಲ್ಲನ್ನು ಕಂಡು ಬೆರಗಾದ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಿಂದಲೇ ಲ್ಯಾಟರೈಟ್ ಎಂಬ ಹೆಸರು ಜಗತ್ತಿನ ಭೂವಿಜ್ಞಾನಕ್ಕೆ ಹೋಯಿತು. ನಮಗೆ ಅದು ಮುರಕಲ್ಲು, ಮನೆ ಕಟ್ಟುವ ಕೆಂಪುಕಲ್ಲು. ಲಕ್ಷಾಂತರ ವರ್ಷ ಮಳೆ ತೊಳೆದು ತೊಳೆದು ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದ ಕಲ್ಲು ಇದು. ಮೈತುಂಬ ತೂತು. ಮಳೆ ಬಿದ್ದರೆ ಸ್ಪಂಜಿನ ಹಾಗೆ ಹೀರುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಅದರ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣಿನ ಪದರ. ಅದು ನೀರನ್ನು ಸುಲಭಕ್ಕೆ ಒಳಬಿಡುವುದಿಲ್ಲ. ಹಾಗಾಗಿ ಮುರಕಲ್ಲಿನಲ್ಲಿ ಇಳಿದ ನೀರು ಶೇಡಿಯ ಮೇಲೆ ಅಡ್ಡಲಾಗಿ ಹರಿದು, ಗುಡ್ಡದ ಬುಡದಲ್ಲಿ ಒಸರಾಗಿ ಹೊರಬಂದು ತೋಡು ಸೇರುತ್ತದೆ.

ಬಂಟ್ವಾಳ, ಕಾಸರಗೋಡು ಕಡೆಯವರು ಈ ಅಡ್ಡ ಹರಿವನ್ನು ಹಿಡಿಯಲು ಗುಡ್ಡಕ್ಕೆ ಸುರಂಗ ಕೊರೆದರು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸದ ನಡುವೆ ಒಬ್ಬರೇ ಗುದ್ದಲಿ ಹಿಡಿದು ಸುರಂಗದ ಮೇಲೆ ಸುರಂಗ ಕೊರೆದು, ಐದರಲ್ಲಿ ಸೋತು ಆರನೆಯದರಲ್ಲಿ ನೀರು ಕಂಡು, ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕುಂದಾಪುರದ ಕಡೆ ಸುರಂಗಕ್ಕಿಂತ ಬಾವಿ, ಮದಗ, ಕಟ್ಟಗಳದೇ ರೂಢಿ. ಕೆರಾಡಿಯ ಮೂಡಗಲ್ಲಿನಲ್ಲಿ ಕೇಶವನಾಥೇಶ್ವರನ ಗುಹಾಲಯಕ್ಕೆ ಹೋದವರಿಗೆ ಗೊತ್ತು, ಗುಹೆಯೊಳಗಿನ ನೀರಿನಲ್ಲಿ ನಡೆದೇ ದೇವರ ಮುಂದೆ ನಿಲ್ಲಬೇಕು. ಬಂಡೆಯ ಪೊಳ್ಳು ನೀರನ್ನು ಎಷ್ಟು ಕಾಲ ಕಾಪಾಡಬಲ್ಲದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಊರಿನಲ್ಲಿ ಬೇಕಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಮಳೆನೀರು ಕೊಯ್ಲಿನ ಪ್ರಚಾರದಲ್ಲಿ ಎಲ್ಲರೂ ಜುಲೈ ತಿಂಗಳ ನೀರಿನ ಬಗ್ಗೆ ಮಾತಾಡುತ್ತಾರೆ. ಮಾಡಿನ ನೀರನ್ನು ಬಾವಿಗೆ ಬಿಡಿ, ಇಂಗುಗುಂಡಿ ತೋಡಿ ಎನ್ನುತ್ತಾರೆ. ಬಯಲುಸೀಮೆಗೆ ಅದು ಸರಿ. ಆದರೆ ಮುರಕಲ್ಲಿನ ನಾಡಿನಲ್ಲಿ ಜುಲೈಯಲ್ಲಿ ನೆಲ ತುಂಬಿ ತುಳುಕುತ್ತಿರುತ್ತದೆ. ಆಗ ಇಂಗಿಸಿದ್ದರ ಬಹುಭಾಗ ದಸರೆಯ ಹೊತ್ತಿಗೆ ತೋಡು ಹಿಡಿದು ಗಂಗೊಳ್ಳಿಯ ಅಳಿವೆ ಸೇರಿರುತ್ತದೆ. ತರಕಾರಿಗೆ ಬೆಲೆಯುಳ್ಳದ್ದು ಡಿಸೆಂಬರ್ ನೀರು. ಮಳೆ ನಿಂತ ಮೇಲೂ ತೋಡಿನಲ್ಲಿ ಸಣ್ಣಗೆ ಹರಿಯುವ ಆ ಒರತೆಯ ನೀರಿಗೆ ಕಲ್ಲು, ಮಣ್ಣು, ಮರದ ಕೊಂಬೆ ಸೊಪ್ಪು ಹಾಕಿ ಅಡ್ಡ ಕಟ್ಟಿದರೆ, ತೋಡಿನ ಮಟ್ಟ ಏರುತ್ತದೆ; ತೋಡಿನ ಮಟ್ಟ ಏರಿದರೆ ಗುಡ್ಡದಿಂದ ಇಳಿಯುವ ನೀರಿನ ಓಟ ನಿಧಾನವಾಗುತ್ತದೆ; ಎರಡೂ ಬದಿಯ ಬಾವಿಗಳಲ್ಲಿ ನೀರು ಇನ್ನಷ್ಟು ವಾರ ನಿಲ್ಲುತ್ತದೆ. ಕಟ್ಟ ಎಂದರೆ ಹಿಂದೆ ನಿಂತ ನೀರಷ್ಟೇ ಅಲ್ಲ, ಕಣ್ಣಿಗೆ ಕಾಣದೆ ದಡದೊಳಗೆ ನಿಂತ ನೀರೂ ಸೇರಿದ ಲೆಕ್ಕ. ಪುತ್ತೂರಿನ ‘ಅಡಿಕೆ ಪತ್ರಿಕೆ’ಯಲ್ಲಿ ಶ್ರೀ ಪಡ್ರೆಯವರು ಈ ಕಟ್ಟಗಳ ಬಗ್ಗೆ ಬಿಡದೆ ಬರೆದದ್ದು ಸುಮ್ಮನೆ ಅಲ್ಲ. ಪ್ರತಿವರ್ಷ ಊರವರು ಸೇರಿ ಕಟ್ಟಬೇಕು, ಮಳೆಗಾಲಕ್ಕೆ ಮುಂಚೆ ಬಿಚ್ಚಬೇಕು. ಆಳು ಸೇರದೆ ಎಷ್ಟೋ ಕಡೆ ನಿಂತುಹೋಗಿದೆ. ಹಾಗೆ ನಿಂತ ಕಡೆ ಮೊದಲು ಕಡಿಮೆಯಾದದ್ದು ಬೇಸಿಗೆಯ ತರಕಾರಿ.

ಇನ್ನು ಜಾಗದ ಆಯ್ಕೆ. ಕರಾವಳಿಯ ಗದ್ದೆಗಳಲ್ಲಿ ಮೂರು ಮೆಟ್ಟಿಲು: ಮೇಲೆ ಬೆಟ್ಟು, ನಡುವೆ ಮಜಲು, ತಗ್ಗಿನಲ್ಲಿ ಬೈಲು. ಬೆಟ್ಟಿನಲ್ಲಿ ಮಳೆಗಾಲದ ಒಂದೇ ಭತ್ತ, ಮಜಲಿನಲ್ಲಿ ಎರಡು, ಬೈಲಿನಲ್ಲಿ ನೀರಿದ್ದರೆ ಮೂರು. ಮೊದಲ ಭತ್ತ ಕೊಯ್ದ ಮೇಲೆ ಮಣ್ಣಿನ ಪಸೆಯಲ್ಲೇ ಉದ್ದು, ಹೆಸರು ಬಿತ್ತಿ ನೀರು ಹಾಕದೆ ತೆಗೆಯುವ ಪದ್ಧತಿ ಇಂದಿಗೂ ಇದೆ. ತರಕಾರಿಗೆ ಹಳಬರು ಹುಡುಕುತ್ತಿದ್ದದ್ದು ಮಜಲು ಮತ್ತು ಬೈಲು ಸೇರುವ ಜಾಗ, ಬಾವಿಗೋ ಮದಗಕ್ಕೋ ಹತ್ತಿರದ ಗದ್ದೆ. ಅಲ್ಲಿ ಜನವರಿಯಲ್ಲೂ ಅಂತರ್ಜಲ ನೆಲದಿಂದ ಒಂದೂವರೆ ಮೀಟರ್ ಕೆಳಗಷ್ಟೇ ಇರಬಹುದು. ಜೇಡಿಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ತಾನಾಗಿ ಮೇಲೇರಿ ಬೇರಿಗೆ ಸಿಗುತ್ತದೆ. ದೊಡ್ಡ ಹರಳಿನ ಮರಳಿನಲ್ಲಾದರೆ ಹೀಗೆ ಹೆಚ್ಚು ಎತ್ತರ ಏರದು. ಅದೇ ಗದ್ದೆಯಲ್ಲಿ ಗಿಡದ ಬೇರು ಆಳಕ್ಕಿಳಿದಷ್ಟೂ ನಾವು ಹೊರುವ ಕೊಡ ಕಡಿಮೆ.

ಈಗ ಸೌತೆಯ ಒಂದು ಗುಳಿಯನ್ನು ಹತ್ತಿರದಿಂದ ನೋಡೋಣ. ಒಂದು ಮೊಳ ಅಗಲ, ಅಷ್ಟೇ ಆಳ. ತಳಕ್ಕೆ ಒಣ ಹಟ್ಟಿಗೊಬ್ಬರ, ಅದರ ಮೇಲೆ ಸುಡುಮಣ್ಣು, ಮೇಲ್ಮಣ್ಣು. ಗುಳಿಯ ಬಾಯಿ ಸುತ್ತಲ ನೆಲಕ್ಕಿಂತ ನಾಲ್ಕು ಬೆರಳು ತಗ್ಗು. ನಾಲ್ಕೈದು ಬೀಜ ಹಾಕಿ, ಮೊಳೆತ ಮೇಲೆ ಗಟ್ಟಿಯಾದ ಎರಡನ್ನು ಉಳಿಸುತ್ತಾರೆ. ಎಳೆ ಸಸಿಗೆ ಬಿಸಿಲು ತಾಗದ ಹಾಗೆ ಒಂದು ಸೊಪ್ಪಿನ ಕೊಂಬೆ ಚುಚ್ಚುತ್ತಾರೆ. ಬಳ್ಳಿ ಮೀಟರುಗಟ್ಟಲೆ ಹಬ್ಬುತ್ತದೆ, ಆದರೆ ನೀರು ಬೀಳುವುದು ಆ ಗುಳಿಗೆ ಮಾತ್ರ. ಬಳ್ಳಿಗಳ ನಡುವಿನ ನೆಲ ಒಣಗಿಯೇ ಇರುತ್ತದೆ. ಗಿಡ ಸಣ್ಣದಿರುವಾಗ ಪಾತಿಯಿಂದ ಹೋಗುವ ನೀರಿನ ದೊಡ್ಡ ಪಾಲು ಎಲೆಯಿಂದಲ್ಲ, ಬರಿ ನೆಲದಿಂದ. ನೆಲದ ನಾಲ್ಕನೇ ಒಂದು ಭಾಗವನ್ನಷ್ಟೇ ಒದ್ದೆ ಮಾಡಿದರೆ ಮೊದಲ ತಿಂಗಳು ಸೆಂಟ್ಸಿಗೆ ದಿನಕ್ಕೆ 200 ಲೀಟರ್ ಬೇಕಾದಲ್ಲಿ 50 ಲೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. 15 ಲೀಟರಿನ ಕೊಡಪಾನವಾದರೆ ಹದಿಮೂರರ ಬದಲು ಮೂರೂವರೆ ಕೊಡ. ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಝೂನಿ ಜನ ಮಣ್ಣಿನ ಸಣ್ಣ ಏರಿ ಕಟ್ಟಿದ ಚೌಕಗಳಲ್ಲಿ ಸೌಟಿನಿಂದ ನೀರು ಹಾಕಿ ತರಕಾರಿ ಬೆಳೆಯುತ್ತಿದ್ದರು. ಎರಡು ಊರಿನವರೂ ಒಬ್ಬರನ್ನೊಬ್ಬರು ಕಂಡವರಲ್ಲ.

ಸುಡುಮಣ್ಣಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದನ್ನು ಕುರುಡು ರೂಢಿ ಎಂದು ತಳ್ಳಿಹಾಕುವವರೂ ಇದ್ದಾರೆ, ಸರ್ವರೋಗ ನಿವಾರಕ ಎಂದು ಹೊಗಳುವವರೂ ಇದ್ದಾರೆ. ಹಾಡಿಯಿಂದ, ಅಂದರೆ ಊರ ಬದಿಯ ಕಾಡಿನಿಂದ, ಗುಡಿಸಿದ ತರಗೆಲೆ, ಕಡ್ಡಿ, ತೆಂಗಿನ ಸಿಪ್ಪೆ ರಾಶಿ ಹಾಕಿ, ಮೇಲೆ ಕೆರೆದ ಮಣ್ಣಿನ ಹೆಂಟೆ ಮುಚ್ಚಿ ಬೆಂಕಿ ಕೊಡುತ್ತಾರೆ. ಅದು ಉರಿಯುವುದಿಲ್ಲ, ಒಳಗೊಳಗೇ ಹೊಗೆಯಾಡುತ್ತ ದಿನಗಟ್ಟಲೆ ಬೇಯುತ್ತದೆ. ಲ್ಯಾಟರೈಟ್ ಮಣ್ಣು ಹುಳಿ. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಂಡು ಗಿಡಕ್ಕೆ ಬಿಡುವುದಿಲ್ಲ. ಬೂದಿ ಆ ಹುಳಿಯನ್ನು ತಗ್ಗಿಸುತ್ತದೆ, ಪೊಟ್ಯಾಷ್ ಕೊಡುತ್ತದೆ, ಗಿಡಕ್ಕೆ ದಕ್ಕುವ ರೂಪದ ರಂಜಕವನ್ನೂ ಸ್ವಲ್ಪ ಸೇರಿಸುತ್ತದೆ. ಬಿಸಿಗೆ ಕಳೆಬೀಜ, ಸಸಿ ಕೊಳೆಸುವ ಶಿಲೀಂಧ್ರ ಸಾಯುತ್ತವೆ. ಅರೆಸುಟ್ಟ ಇದ್ದಿಲಿನ ಚೂರುಗಳು ಮಣ್ಣನ್ನು ಸಡಿಲವಾಗಿಡುತ್ತವೆ. ಇಷ್ಟು ಲಾಭ. ನಷ್ಟವೂ ಉಂಟು: ಎಲೆಯಲ್ಲಿದ್ದ ಸಾರಜನಕದ ಬಹುಭಾಗ ಹೊಗೆಯೊಂದಿಗೆ ಹೋಗುತ್ತದೆ, ಹ್ಯೂಮಸ್ ಆಗಬೇಕಿದ್ದ ಇಂಗಾಲವೂ ಹೋಗುತ್ತದೆ. ಆದ್ದರಿಂದ ಗುಳಿಗೆ ಒಂದು ಬುಟ್ಟಿ ಸುಡುಮಣ್ಣು ಸರಿ. ಸಿಕ್ಕ ತರಗೆಲೆಯನ್ನೆಲ್ಲ ಸುಟ್ಟುಹಾಕುವುದು ತಪ್ಪು. ಉಳಿದ ತರಗೆಲೆಗೆ ಇದಕ್ಕಿಂತ ದೊಡ್ಡ ಕೆಲಸವಿದೆ.

ಆ ಕೆಲಸ ಮುಚ್ಚಿಗೆ, ಅಂದರೆ ಮಣ್ಣಿಗೆ ಹೊದಿಕೆ. ನೀರು ಹಾಕಿದ ಮಣ್ಣಿನ ಮೇಲ್ಮೈ ಒದ್ದೆಯಾಗಿರುವಷ್ಟು ಹೊತ್ತು ಬಿಸಿಲು, ಗಾಳಿ ತಮಗೆ ಬೇಕಾದಷ್ಟು ನೀರನ್ನು ಎಳೆದುಕೊಳ್ಳುತ್ತವೆ. ಮೇಲಿನ ಒಂದೆರಡು ಬೆರಳು ಒಣಗಿತೋ, ಕೆಳಗಿನ ನೀರಿಗೆ ಮೇಲೆ ಬರುವ ದಾರಿ ಕಡಿದುಹೋಗಿ ನಷ್ಟ ತಟ್ಟನೆ ಇಳಿಯುತ್ತದೆ. ದಿನಾ ಸಂಜೆ ಚಿಮುಕಿಸಿದ ಹಾಗೆ ಎರಡು ಚೆಂಬು ಹಾಕುವವರು ಮೇಲ್ಮೈಯನ್ನು ಸದಾ ಒದ್ದೆಯಾಗಿಟ್ಟು ಸೂರ್ಯನಿಗೆ ನೀರು ಕೊಡುತ್ತಿರುತ್ತಾರೆ, ಗಿಡಕ್ಕಲ್ಲ. ಗದ್ದೆಯ ಮಣ್ಣಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಆಳಕ್ಕಿಳಿಯುವಷ್ಟು ಹಾಕುವುದು ಒಳ್ಳೆಯದು. ಬೆಟ್ಟಿನ ಜಲ್ಲಿಮಣ್ಣಿಗೆ ಈ ನಿಯಮ ನಡೆಯದು. ಅಲ್ಲಿ ಹೆಚ್ಚು ಹಾಕಿದ್ದು ಬೇರು ದಾಟಿ ಕೆಳಗೆ ಸೋರುತ್ತದೆ, ದಿನವೂ ಸ್ವಲ್ಪ ಸ್ವಲ್ಪವೇ ಹಾಕಬೇಕು. ಎರಡೂ ಕಡೆ ಬುಡಕ್ಕೆ ಒಂದು ಗೇಣು ತರಗೆಲೆ, ಬೈಹುಲ್ಲು, ಅಡಿಕೆ ಸೋಗೆ ಏನು ಸಿಕ್ಕಿದರೂ ಹೊದೆಸಬೇಕು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಗ (ಪಟ್ಟಾ) ಜಮೀನಿಗೆ ಅಂಟಿದ 100 ಗಜದ ಕುಮ್ಕಿ ಎಂಬ ಸರ್ಕಾರಿ ನೆಲದಿಂದ ಸೊಪ್ಪು, ತರಗೆಲೆ ತರುವ ಹಕ್ಕು ಇದ್ದದ್ದು ಈ ಬೇಸಾಯಕ್ಕೆ ದೊಡ್ಡ ಬಲ. ನೀರಿನ ಲೆಕ್ಕದಲ್ಲಿ ಹಾಡಿಯೂ ಒಂದು ಬಾವಿಯೇ.

ಮಣ್ಣಿನ ಮಡಕೆಯೂ ಇದೇ ಜಾಣತನದ ಇನ್ನೊಂದು ರೂಪ. ಮೆರುಗು ಹಚ್ಚದ ಮಡಕೆಯನ್ನು ಕುತ್ತಿಗೆವರೆಗೆ ಹುಗಿದು ನೀರು ತುಂಬಿಸಿದರೆ, ಸುತ್ತಲ ಮಣ್ಣು ಒಣಗಿದಾಗ ಹೀರಿಕೊಳ್ಳುತ್ತದೆ, ಒದ್ದೆಯಿದ್ದಾಗ ಹೀರುವುದನ್ನು ನಿಧಾನಿಸುತ್ತದೆ. ಎರಡು ಸಾವಿರ ವರ್ಷ ಹಿಂದಿನ ಚೀನಾದ ಕೃಷಿ ಗ್ರಂಥದಲ್ಲೇ ಇದರ ವಿವರಣೆ ಇದೆ. ಕರ್ನಾಲಿನ ಕೇಂದ್ರೀಯ ಲವಣಭೂಮಿ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಇದರ ಮೇಲೆ ಪ್ರಯೋಗಗಳೂ ನಡೆದವು. ನಾಲ್ಕೈದು ಬುಡ ಹಾಗಲ, ತೊಂಡೆ ಇಟ್ಟುಕೊಂಡವರಿಗೆ ಒಳ್ಳೆಯದು. ಇಡೀ ಗದ್ದೆಗೆ ಆಗುವ ಮಾತಲ್ಲ.

ನೀರು ಯಾವಾಗ ಹಾಕಬೇಕು ಎಂಬುದನ್ನು ಗಿಡವೇ ಹೇಳುತ್ತದೆ, ಆದರೆ ಕೇಳುವ ಹೊತ್ತು ಸರಿಯಿರಬೇಕು. ಮಧ್ಯಾಹ್ನ ಒಂದು ಗಂಟೆಗೆ ಚೀನಿಕಾಯಿ ಬಳ್ಳಿಯ ಅಗಲ ಎಲೆಗಳು ಕೊಡೆ ಮಡಚಿದಂತೆ ಜೋತು ಬೀಳುತ್ತವೆ. ಹೊಸಬರು ಗಾಬರಿಯಾಗಿ ಕೊಡ ಹಿಡಿದು ಓಡುತ್ತಾರೆ. ಬೇಡ. ಎಲೆಯಿಂದ ಆವಿ ಹೋಗುವ ವೇಗಕ್ಕೆ ಬೇರು ನೀರು ಮುಟ್ಟಿಸಲಾರದ ಹೊತ್ತು ಅದು. ಬುಡದಲ್ಲಿ ನೀರಿದ್ದರೂ ಎಲೆ ಬಾಡುತ್ತದೆ. ಬಾಡಿದ ಎಲೆಗೆ ಬಿಸಿಲು ಓರೆಯಾಗಿ ಬಿದ್ದು ಬಿಸಿಯೂ ಕಡಿಮೆ ತಾಗುತ್ತದೆ. ಸಂಜೆಗೆ ತಾನೇ ನೆಟ್ಟಗಾಗುತ್ತದೆ. ನೋಡಬೇಕಾದದ್ದು ಬೆಳಗಿನ ಜಾವ, ಬಿಸಿಲು ಏರುವ ಮುಂಚೆ. ಇಡೀ ರಾತ್ರಿ ಕಳೆದರೂ ಎಲೆ ಸುಧಾರಿಸಿಕೊಳ್ಳದೆ ಸೊರಗಿದ್ದರೆ ಮಾತ್ರ ಬೇರಿಗೆ ನಿಜವಾಗಿಯೂ ಬಾಯಾರಿಕೆ.

ಬೆಳೆಯ ಆಯ್ಕೆಯಲ್ಲೂ ವಿಜ್ಞಾನ ಅಡಗಿದೆ. ಕರಾವಳಿಯ ಬೇಸಿಗೆ ಪಾತಿಯಲ್ಲಿ ಹರಿವೆಗೆ ಮೊದಲ ಸ್ಥಾನ. ಜೋಳ, ಕಬ್ಬು, ರಾಗಿಯ ಹಾಗೆ ಹರಿವೆಯೂ ಸಿ4 ಎಂಬ ದಾರಿಯಲ್ಲಿ ದ್ಯುತಿಸಂಶ್ಲೇಷಣೆ ನಡೆಸುತ್ತದೆ. ಅಂದರೆ ಎಲೆಯ ರಂಧ್ರಗಳನ್ನು ಕಡಿಮೆ ತೆರೆದೂ ಬೇಕಾದಷ್ಟು ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತದೆ. ಕಡು ಬಿಸಿಲಿನಲ್ಲೂ ಕಡಿಮೆ ನೀರಿಗೆ ಹೆಚ್ಚು ಸೊಪ್ಪು ಕೊಡುತ್ತದೆ. ಅಲಸಂಡೆ ತಾಯಿಬೇರನ್ನು ಆಳಕ್ಕೆ ಕಳಿಸುತ್ತದೆ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಕೂಡಿಸಿಕೊಳ್ಳುತ್ತದೆ. ಬಸಳೆಗೆ ನೀರು ಜಾಸ್ತಿ ಬೇಕು, ಅದಕ್ಕೇ ಅದರ ಚಪ್ಪರ ಬಾವಿಕಟ್ಟೆಯ ಬಳಿಯೋ ಬಚ್ಚಲ ನೀರು ಹರಿಯುವಲ್ಲಿಯೋ ಇರುತ್ತದೆ. ಒಂದು ಮನೆಯ ಸ್ನಾನದ ನೀರು ಒಂದು ಬಸಳೆ ಚಪ್ಪರಕ್ಕೆ ಧಾರಾಳ. ಬಟ್ಟೆ ಒಗೆದ ಡಿಟರ್ಜೆಂಟ್ ನೀರು ಬೇರೆ ವಿಷಯ. ಅದರ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಸಿ ಮಣ್ಣನ್ನು ಬಿಗಿಯಾಗಿಸುತ್ತದೆ. ಅದನ್ನು ತೆಂಗಿನ ಬುಡಕ್ಕೆ ಸರದಿಯ ಮೇಲೆ ತಿರುಗಿಸುವುದು ಒಳ್ಳೆಯದು.

ಇಷ್ಟೆಲ್ಲ ಕಷ್ಟಪಟ್ಟು ಒಣ ತಿಂಗಳಲ್ಲೇ ಬೆಳೆಯುವುದೇಕೆ, ಮಳೆಗಾಲದಲ್ಲಿ ನೀರು ಪುಕ್ಕಟೆ ಅಲ್ಲವೇ? ನಾನು ಈ ಅಧ್ಯಾಯದಲ್ಲಿ ಹೇಳಬೇಕೆಂದಿರುವುದು ಇದನ್ನೇ: ಕೆರಾಡಿಯಂಥ ಊರಿನಲ್ಲಿ ತರಕಾರಿಗೆ ಬರಗಾಲ ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮೋಡದಡಿ ಬಿಸಿಲಿಲ್ಲ, ಎಲೆ ಒಣಗುವುದೇ ಇಲ್ಲ, ಒದ್ದೆ ಎಲೆಯ ಮೇಲೆ ಶಿಲೀಂಧ್ರಕ್ಕೆ ಹಬ್ಬ. ಜೇನು ಹಾರುವುದಿಲ್ಲ, ಪರಾಗ ತೊಳೆದುಹೋಗುತ್ತದೆ, ಹಾಕಿದ ಗೊಬ್ಬರದ ಸಾರ ಮಳೆಯ ಜೊತೆ ಇಳಿದುಹೋಗುತ್ತದೆ. ಬೆಟ್ಟಿನ ಮೇಲೆ ಬೆಂಡೆ, ಹೀರೆ, ಮುಳ್ಳುಸೌತೆ ಬೆಳೆಯುತ್ತಾರೆ ನಿಜ, ಆದರೆ ಅದು ಮಳೆಯ ದಯೆ. ಬಿಸಿಲು ಖಚಿತವಾಗಿ ಸಿಗುವುದು ಈ ಒಣ ಆರು ತಿಂಗಳಲ್ಲೇ. ನೀರನ್ನು ಹೊತ್ತು ತರಬಹುದು, ಬಿಸಿಲನ್ನು ಹೊತ್ತು ತರಲಾಗದು.

ಹಾಗಾಗಿ ಇಲ್ಲಿಯ ಬೇಸಿಗೆ ಗದ್ದೆ ಬೆಳೆದದ್ದು ಬೇಸಿಗೆಗಷ್ಟೇ ಅಲ್ಲ. ಬಲಿತ ಮಂಗಳೂರು ಸೌತೆ, ಬೂದುಗುಂಬಳ, ಚೀನಿಕಾಯಿಗಳನ್ನು ತೊಟ್ಟು ಸಮೇತ ಕೊಯ್ದು, ಬಾಳೆನಾರು ಕಟ್ಟಿ, ಮಾಡಿನ ಜಂತಿಗೆ ಸಾಲಾಗಿ ತೂಗುಹಾಕುತ್ತಾರೆ. ಬಲಿತ ಕಾಯಿಯ ದಪ್ಪ ಸಿಪ್ಪೆ, ಅದರ ಮೇಲಿನ ಮೇಣ ನೀರು ಹೊರಹೋಗದಂತೆ ತಡೆಯುತ್ತವೆ. ಕಾಯಿಯ ಉಸಿರಾಟವೂ ನಿಧಾನ. ನೆಲಕ್ಕಿಟ್ಟರೆ ತಾಗಿದ ಕಡೆ ಬೆವರಿ ಕೊಳೆ ಹಿಡಿಯುತ್ತದೆ, ತೂಗುಹಾಕಿದರೆ ಸುತ್ತಲೂ ಗಾಳಿಯಾಡುತ್ತದೆ. ಒಲೆಯ ಹೊಗೆ ಮೇಲೇರುವ ಮನೆಯಾದರೆ ಇನ್ನೂ ಒಳ್ಳೆಯದು. ಏಪ್ರಿಲಿನಲ್ಲಿ ಕಟ್ಟಿದ ಸೌತೆ ಆಗಸ್ಟಿನ ಹುಳಿಗೆ ಬರುತ್ತದೆ. ಎಳೆಯ ಕಾಯಿ ಕಟ್ಟಿದರೆ ಹದಿನೈದು ದಿನಕ್ಕೆ ಸುಕ್ಕು. ಆದ್ದರಿಂದ ಕೊಯ್ಲಿಗೆ ಮುಂಚಿನ ವಾರ ನೀರು ನಿಲ್ಲಿಸಿ ಕಾಯಿಯನ್ನು ಬಲಿಯಲು ಬಿಡುತ್ತಾರೆ. ಒಳ್ಳೆಯ ಕಾಯಿಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಸಗಣಿಯೊಂದಿಗೆ ಗೋಡೆಗೆ ಅಂಟಿಸುವುದೂ ಈ ಬೇಸಾಯದ ಭಾಗ. ಬೂದಿ ತೇವವನ್ನು ಎಳೆದುಕೊಳ್ಳುತ್ತದೆ, ಹುಳವನ್ನು ದೂರವಿಡುತ್ತದೆ.

ಈ ಗದ್ದೆಗಳು ಕಡಿಮೆಯಾಗುತ್ತಿರುವುದಕ್ಕೆ ನೀರೊಂದೇ ಕಾರಣ ಎಂದರೆ ಪೂರ್ತಿ ನಿಜವಾಗದು. 2019ರ ಮೇ ತಿಂಗಳಲ್ಲಿ ಉಡುಪಿ ನಗರಕ್ಕೆ ನೀರು ಕೊಡುವ ಬಜೆ ಅಣೆಕಟ್ಟೆಯೇ ತಳ ಕಂಡಿತು, ಬಾವಿಗಳೂ ಹಿಂದಿಗಿಂತ ಬೇಗ ಬತ್ತುತ್ತಿವೆ, ಅದು ಹೌದು. ಆದರೆ ಘಟ್ಟದ ಬುಡದ ಊರುಗಳಲ್ಲಿ ತರಕಾರಿ ಬಿಟ್ಟವರನ್ನು ಕೇಳಿದರೆ ಮೊದಲು ಬರುವುದು ಮಂಗ, ಹಂದಿ, ನವಿಲಿನ ಹೆಸರು. ಮೂರು ತಿಂಗಳು ಕೊಡ ಹೊತ್ತದ್ದನ್ನು ಮಂಗಗಳ ಒಂದು ಹಿಂಡು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಆ ಕೊಡ ಹೊತ್ತವರು ಹೆಚ್ಚಾಗಿ ಹೆಂಗಸರು, ಅದೂ ಮನೆಗೆಲಸ ಮುಗಿಸಿ. ಅವರಿಗೆ ಬಲೆ, ಬೇಲಿಗೆ ಸಿಗುವ ಸಹಾಯ ಪಂಪಿಗೆ ಸಿಗುವ ಸಹಾಯದಷ್ಟೇ ಮುಖ್ಯ. ಮನೆಗೆ ಹತ್ತಿರ, ಕಣ್ಣಳತೆಯೊಳಗೆ, ಎರಡೇ ಸೆಂಟ್ಸಿನಲ್ಲಿ ಬಲೆ ಕಟ್ಟಿ ಬೆಳೆಯುವವರು ಉಳಿದಿದ್ದಾರೆ; ಬೈಲಿನ ದೂರದ ಗದ್ದೆಗಳಲ್ಲಿ ಬೆಳೆಯುತ್ತಿದ್ದವರು ಬಿಟ್ಟಿದ್ದಾರೆ. ಮುಂದೆ ಈ ಬೇಸಾಯ ಉಳಿಯುವುದಾದರೆ ಮನೆಯಂಗಳಕ್ಕೆ ಸರಿದು ಉಳಿಯಬೇಕು. ಅಂಗಳದ ಮಣ್ಣು ಗದ್ದೆಯ ಮಣ್ಣಿನಷ್ಟು ನೀರು ಹಿಡಿಯದು, ಆದ್ದರಿಂದ ಅಲ್ಲಿಗೆ ತರಗೆಲೆಯೂ ಹಟ್ಟಿಗೊಬ್ಬರವೂ ಇಮ್ಮಡಿ ಬೇಕು. ಅದರ ಸಿದ್ಧತೆ ಶುರುವಾಗಬೇಕಾದದ್ದು ಜನವರಿಯಲ್ಲಲ್ಲ, ದೀಪಾವಳಿಯ ಮರುವಾರ, ನೆಲದಲ್ಲಿ ಇನ್ನೂ ಪಸೆ ಇರುವಾಗ.